ವರ್ವಾರಾಳ ಫೋನಿಗೆ ಹೋದ ಶುಭಾಶಯ

ಗ್ರೀಸಿನ ನಮ್ಮ ಕಾರ್ದಿತ್ಸಾದಲ್ಲಿ ನಾಳೆ ಯಾರ ಮನೆಯಲ್ಲಿ ಹಬ್ಬ ಎಂದು ತಿಳಿಯಬೇಕಾದರೆ ಚರ್ಚಿನ ಕ್ಯಾಲೆಂಡರ್ ಹುಡುಕುವುದಕ್ಕಿಂತ ಮಿಠಾಯಿ ಅಂಗಡಿಯ ಅರ್ಗೀರೊಳನ್ನು ಕೇಳುವುದು ಸಲೀಸು. ಕ್ಯಾಲೆಂಡರಿನಲ್ಲಿ ಸಂತರ ಹೆಸರಷ್ಟೇ ಇರುತ್ತದೆ. ಆ ಸಂತನ ಹೆಸರು ಊರಿನಲ್ಲಿ ಯಾರು ಯಾರಿಗಿದೆ, ಅವರ ಮನೆಗೆ ಎಷ್ಟು ಜನ ಬರುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಅತ್ತೆಗೆ ಅಕ್ರೋಟು ಆಗಿಬರುವುದಿಲ್ಲ, ಇದೆಲ್ಲ ಇರುವುದು ಅರ್ಗೀರೊಳ ತಲೆಯಲ್ಲಿ. ಆ ತಲೆಗೆ ಈಗ ಐವತ್ತೊಂಬತ್ತು ವರ್ಷ. ಹುಬ್ಬಿನ ಮೇಲೆ ಸದಾ ಒಂದಿಷ್ಟು ಹಿಟ್ಟು ಮೆತ್ತಿಕೊಂಡಿರುತ್ತದೆ, ಒರೆಸಿಕೊ ಎಂದರೆ ಇನ್ನೊಂದು ಹುಬ್ಬಿಗೂ ಬಳಿದುಕೊಳ್ಳುತ್ತಾಳೆ.

ನಮ್ಮ ಕಡೆ ಹುಟ್ಟುಹಬ್ಬ ಮಕ್ಕಳಿಗೆ. ದೊಡ್ಡವರಾದ ಮೇಲೆ ಹೆಸರಿನ ಹಬ್ಬ, ಅಂದರೆ ತನ್ನ ಹೆಸರಿನ ಸಂತನ ದಿನವೇ ಹಬ್ಬ. ಅವತ್ತು ಯಾರನ್ನೂ ಕರೆಯುವಂತಿಲ್ಲ, ಬಂದವರಿಗೆ ಬಾಗಿಲು ಹಾಕುವಂತಿಲ್ಲ. ಹಬ್ಬದವರೇ ಎಲ್ಲರಿಗೂ ಸಿಹಿ ಹಂಚಬೇಕು. ಆಫೀಸಿನಲ್ಲೊಂದು ಟ್ರೇ, ಮನೆಯಲ್ಲೊಂದು ಟ್ರೇ, ಬೀಗರ ಮನೆಗೆ ಅರ್ಧ. ಹೀಗಾಗಿ ಸಂತರು ಇರುವವರೆಗೂ ಮಿಠಾಯಿ ಅಂಗಡಿಗೆ ಸಾವಿಲ್ಲ ಎಂದು ಅರ್ಗೀರೊ ಮೂವತ್ತನಾಲ್ಕು ವರ್ಷ ನಂಬಿಕೊಂಡು ಬಂದಿದ್ದಳು. ಹಬ್ಬದ ಹಿಂದಿನ ದಿನ ಅಂಗಡಿಯ ಬಾಗಿಲಲ್ಲಿ ನಿಂತು, ಸೈಕಲ್ ಮೇಲೆ ಹೋಗುವವರನ್ನು ಕೂಗಿ ಕರೆಯುತ್ತಿದ್ದಳು. "ಏಯ್, ನಾಳೆ ನಿಂದು ಕಣೋ! ಎಷ್ಟು ಟ್ರೇ?" ಅವಳ ಜಾಹೀರಾತು ಅಂದರೆ ಅಷ್ಟೇ.

ಆಮೇಲೆ ಬೈಪಾಸ್ ರಸ್ತೆಯಲ್ಲಿ ದೊಡ್ಡದೊಂದು ಮಿಠಾಯಿ ಮಳಿಗೆ ಬಂತು. ಗಾಜಿನ ಗೋಡೆ, ನೂರು ಕಾರು ನಿಲ್ಲಿಸುವ ಜಾಗ, ಫೋನಿಗೆ ಬರುವ ಮೆಸೇಜು. ಸಂತ ಇಲಿಯಾಸನ ಹಬ್ಬದ ದಿನ ಇಪ್ಪತ್ತು ವರ್ಷದ ಗಿರಾಕಿಯೊಬ್ಬ ಆ ಮಳಿಗೆಯ ಡಬ್ಬಿ ಹಿಡಿದುಕೊಂಡು, ಮುಖ ಆಚೆ ತಿರುಗಿಸಿಕೊಂಡು ಅಂಗಡಿಯ ಮುಂದೆಯೇ ಹಾದುಹೋದ. ಅರ್ಗೀರೊಳ ಗಂಡ ಅಪೊಸ್ತೊಲಿಸ್ ಹಾಳೆಯಂಥ ಹಿಟ್ಟು ಲಟ್ಟಿಸುವುದನ್ನು ಬಿಟ್ಟು ಬಾಗಿಲಿಗೆ ಬಂದು ನೋಡಿದ.

"ನೀನು ಕೂಗಿದ್ರೆ ಬೀದಿ ಕೊನೆ ತನಕ ಕೇಳ್ಸತ್ತೆ ಅಷ್ಟೇ. ಅವರದ್ದು ಜೇಬಿನೊಳಗೇ ಕೇಳ್ಸತ್ತೆ" ಎಂದ.

ಹಾಗೆ ಅಂಗಡಿಗೆ ಬಂದವನು ಸ್ತೆರ್ಗ್ಯೋಸ್. ಪಕ್ಕದ ಲಾರಿಸಾ ನಗರದಿಂದ ಬಂದ, ನಲವತ್ತರ ಆಸುಪಾಸಿನ, ಕೋಟು ತೊಟ್ಟ, ಮಾತಿನಲ್ಲೇ ಮನೆ ಕಟ್ಟುವ ಮನುಷ್ಯ; ಅಂಗಡಿಗಳಿಗೆ ಕಂಪ್ಯೂಟರ್ ಪ್ರೋಗ್ರಾಮು ಮಾರುವವನು. ಗಿರಾಕಿಯ ಹೆಸರು, ನಂಬರು ತುಂಬಿಸಿಬಿಟ್ಟರೆ ಸಾಕು, ಯಾವ ಹೆಸರಿಗೆ ಯಾವ ದಿನ ಎನ್ನುವುದು ಪ್ರೋಗ್ರಾಮಿಗೆ ಗೊತ್ತು, ಹಿಂದಿನ ಸಂಜೆ ತಾನಾಗಿಯೇ ಶುಭಾಶಯ ಹೋಗುತ್ತದೆ, ಜೊತೆಗೆ ಹದಿನೈದು ಪರ್ಸೆಂಟ್ ರಿಯಾಯಿತಿ ಎಂದ. "ನೀವು ಮಲಗಿದ್ರೂ ಅದು ಕೆಲಸ ಮಾಡತ್ತೆ ಮೇಡಂ."

"ನಾನ್ಯಾವಾಗ ಮಲಗ್ತೀನಿ?" ಎಂದಳು ಅರ್ಗೀರೊ. ಆದರೂ ಒಪ್ಪಿಕೊಂಡಳು.

ನಂಬರು ತೆಗೆದುಕೊಳ್ಳುವುದೇ ದೊಡ್ಡ ರಾಮಾಯಣವಾಯಿತು. ಕಾನೂನಿನ ಪ್ರಕಾರ ಒಬ್ಬೊಬ್ಬರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ಕೌಂಟರಿನ ಮೇಲೆ ಫಾರಂ ಇಟ್ಟಳು. ಮೂವತ್ತು ವರ್ಷದಿಂದ ಅವಳಿಗೆ ತಮ್ಮ ಮನೆಯ ಗುಟ್ಟೆಲ್ಲ ಹೇಳಿಕೊಂಡವರು ಫೋನ್ ನಂಬರ್ ಕೇಳಿದ ತಕ್ಷಣ ಅನುಮಾನದಿಂದ ನೋಡತೊಡಗಿದರು.

"ಸಹಿ ಯಾಕೆ ಅರ್ಗೀರಕ್ಕ? ನನ್ನ ಪಿಂಚಣಿಗೇನೂ ತೊಂದ್ರೆ ಇಲ್ಲ ತಾನೆ?" ಎಂದ ಮುದುಕ ಜೀಸಿಸ್.

"ನಿನ್ನ ಪಿಂಚಣಿ ಇಟ್ಕೊಂಡು ನಾನೇನ್ ಮಾಡ್ಲೋ? ನಿನ್ನ ಹಬ್ಬಕ್ಕೆ ಶುಭಾಶಯ ಹೇಳೋಕೆ."

"ಬಾಯಲ್ಲೇ ಹೇಳು. ಎದುರಿಗೇ ನಿಂತಿದೀನಲ್ಲ."

ಅಂತೂ ಬೇಸಿಗೆ ಮುಗಿಯುವ ಹೊತ್ತಿಗೆ ಆರುನೂರು ನಂಬರು ಕೂಡಿದವು. ಮೊದಲ ಮೆಸೇಜು ಸೆಪ್ಟೆಂಬರಿನ ಶಿಲುಬೆ ಹಬ್ಬದ್ದು, ಸ್ತಾವ್ರೋಸ್ ಎಂಬ ಹೆಸರಿನವರಿಗೆ. ಅದು ಸರಿಯಾಗಿ ಮಧ್ಯಾಹ್ನ ಮೂರೂಕಾಲಿಗೆ ಹೋಯಿತು. ಆ ಹೊತ್ತಿಗೆ ಜನ ಫೋನು ಹೆಚ್ಚು ನೋಡುತ್ತಾರೆಂದು ಸ್ತೆರ್ಗ್ಯೋಸ್ ಎಲ್ಲಿಯದೋ ಲೆಕ್ಕ ಹಿಡಿದು ಇಟ್ಟಿದ್ದ. ನಮ್ಮೂರಿನಲ್ಲಿ ಮೂರರಿಂದ ಐದೂವರೆಯವರೆಗೆ ಕಿಟಕಿ ಮುಚ್ಚಿ ಮಲಗುವ ಹೊತ್ತು. ಆಗ ಪಕ್ಕದ ಮನೆಗೆ ಬೆಂಕಿ ಬಿದ್ದರೂ ಮೆಲ್ಲಗೆ ಕೂಗುತ್ತೇವೆ. ಮೂವತ್ತೆಂಟು ಸ್ತಾವ್ರೋಸ್‌ಗಳು ಒಂದೇ ಗಳಿಗೆಯಲ್ಲಿ ಎಚ್ಚರವಾದರು. ಒಬ್ಬನಂತೂ ಪೈಜಾಮದಲ್ಲೇ ಅಂಗಡಿಗೆ ಬಂದು, ಅದು ಮುಚ್ಚಿದ್ದರಿಂದ ಷಟರಿಗೆ ಬೈದು ಹೋದ.

ಗೋಳು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರೋಗ್ರಾಮಿಗೆ ಮೆಸೇಜು ಕಳಿಸುವುದಷ್ಟೇ ಗೊತ್ತು, ಬಂದ ಉತ್ತರ ಓದುವುದು ಗೊತ್ತಿಲ್ಲ. ಜನಕ್ಕೋ, ಶುಭಾಶಯ ಹೇಳಿದವರಿಗೆ ಉತ್ತರ ಕೊಡದೆ ಸುಮ್ಮನಿದ್ದು ಅಭ್ಯಾಸವಿಲ್ಲ. ಹಾಗಾಗಿ ಉತ್ತರ ಹೇಳಲು ನಡೆದುಕೊಂಡೇ ಅಂಗಡಿಗೆ ಬರತೊಡಗಿದರು. "ಥ್ಯಾಂಕ್ಸ್ ಅರ್ಗೀರಕ್ಕ, ನಿಮಗೂ ಒಳ್ಳೇದಾಗ್ಲಿ" ಎಂದು ಹೇಳಿ, ಒಂದು ಲೋಟ ನೀರು ಕುಡಿದು, ಏನೂ ಕೊಳ್ಳದೆ ಹೊರಟುಬಿಡುತ್ತಿದ್ದರು. ಮೆಸೇಜು ಬೇಡವೆಂದು ಪಟ್ಟಿಯಿಂದ ಹೊರಹೋದವರ ಹೆಸರು ವಾರಕ್ಕೊಮ್ಮೆ ಬರುತ್ತಿತ್ತು. ಎರಡನೇ ವಾರವೇ ಅದರಲ್ಲಿ ಅವಳ ನಾದಿನಿ ಸುಲ್ತಾನಾಳ ಹೆಸರು ಕಂಡಿತು. ಸ್ತೆರ್ಗ್ಯೋಸನ ಪ್ರಕಾರ ಇದು ವ್ಯಾಪಾರದಲ್ಲಿ ಮಾಮೂಲು. ಅರ್ಗೀರೊಗೆ ಮಾಮೂಲಾಗಲಿಲ್ಲ. ಸೈಕಲ್ ಹತ್ತಿ ಸುಲ್ತಾನಾಳ ಮನೆಗೇ ಹೋಗಿ ಕೇಳಿದಳು.

"ನಾನು ಬೇಡವಾದ್ನೇನೆ ನಿಂಗೆ?"

"ಅಯ್ಯೋ, ನೀನಲ್ಲ ಅತ್ತಿಗೆ, ಮೆಸೇಜು!"

"ಮೆಸೇಜಲ್ಲಿ ಇರೋ ಹೆಸರು ಯಾರ್ದು?"

ಆ ಜಗಳ ಒಂದು ಟ್ರೇ ಗಲಕ್ತೊಬೂರೆಕೊದಲ್ಲಿ ಮುಗಿಯಿತು. ಬಿಸಿ ಟ್ರೇಯ ಮೇಲೆ ತಣ್ಣನೆ ಪಾಕ ಸುರಿದ ಆ ಹಾಲಿನ ಸಿಹಿಯನ್ನು ಕೊಟ್ಟು ಅರ್ಗೀರೊ ಊರಿನಲ್ಲಿ ಎಷ್ಟೋ ಜಗಳ ಮುಗಿಸಿದ್ದಾಳೆ. ಇಷ್ಟಾದರೂ ಅಕ್ಟೋಬರ್ ಬರುವ ಹೊತ್ತಿಗೆ ಬೈಪಾಸ್ ಕಡೆ ಹೋಗಿದ್ದವರಲ್ಲಿ ಕೆಲವರು ತಿರುಗಿ ಬಂದಿದ್ದರು, ಮೆಸೇಜು ಹೋಗುವ ಹೊತ್ತೂ ಸಂಜೆ ಆರಕ್ಕೆ ಬದಲಾಗಿತ್ತು. ಅಪೊಸ್ತೊಲಿಸ್ ಹಿಟ್ಟು ಲಟ್ಟಿಸುತ್ತ ಸಿಳ್ಳೆ ಹಾಕತೊಡಗಿದ್ದ.

ಇದರ ನಡುವೆ ಎಫ್ತಿಮಿಸ್ ತೀರಿಕೊಂಡ.

ಎಫ್ತಿಮಿಸ್ ಅಂದರೆ ಅವಳ ಅಂಗಡಿಯ ಪಕ್ಕದಲ್ಲೇ ಸೈಕಲ್ ರಿಪೇರಿ ಮಾಡುತ್ತಿದ್ದವನು. ಈ ಊರಿನ ಅರ್ಧ ಸೈಕಲ್ಲುಗಳು ಅವನ ಕೈಯಲ್ಲಿ ಒಮ್ಮೆಯಾದರೂ ಬಿಚ್ಚಿಕೊಂಡಿವೆ. ದಿನಾ ಬೆಳಿಗ್ಗೆ ಗ್ರೀಸ್ ಮೆತ್ತಿದ ಬೆರಳುಗಳನ್ನು ಹಿಂದೆ ಕಟ್ಟಿಕೊಂಡು ಅರ್ಗೀರೊಳ ಕೌಂಟರಿಗೆ ಬಂದು, ಯಾವುದನ್ನೂ ಮುಟ್ಟದೆ, ಬಾಯಿ ತೆರೆದು ನಿಲ್ಲುತ್ತಿದ್ದ. ಅವಳು ಬೈಯುತ್ತ ಪಾಕದಲ್ಲಿ ನೆನೆಸಿದ ಶಾವಿಗೆ ಸಿಹಿ ಕದಾಯಿಫಿಯ ಒಂದು ತುಂಡು ಬಾಯಿಗೆ ಹಾಕುತ್ತಿದ್ದಳು. ಅವನ ಹೆಂಡತಿ ವರ್ವಾರಾ ಅರ್ಗೀರೊಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಹರಿತವಾದ ನಾಲಿಗೆ, ಅದರ ಹಿಂದೆ ಮೆತ್ತನೆಯ ಮನಸ್ಸು. ಪ್ರತಿವರ್ಷ ಡಿಸೆಂಬರ್ ನಾಲ್ಕು, ಸಂತ ವರ್ವಾರಾಳ ದಿನ, ಅರ್ಗೀರೊಳ ಅಂಗಡಿಯಿಂದ ಹೊರಡುವ ಮೊದಲ ಟ್ರೇ ಅವಳ ಮನೆಗೇ ಹೋಗುತ್ತಿತ್ತು. ನಲವತ್ತು ತುಂಡು, ಅಕ್ರೋಟು ಜಾಸ್ತಿ. ರಾತ್ರಿಯೊಳಗೆ ಎಲ್ಲ ಖಾಲಿಯಾಗುತ್ತಿತ್ತು.

ಸೆಪ್ಟೆಂಬರ್ ಕೊನೆಯ ಮಂಗಳವಾರ ಎಫ್ತಿಮಿಸ್ ಸೈಕಲ್ಲೊಂದನ್ನು ತಲೆಕೆಳಗು ಮಾಡಿ ಚೈನು ಹಾಕುತ್ತಿದ್ದವನು ಹಾಗೆಯೇ ಪಕ್ಕಕ್ಕೆ ಒರಗಿದ. ಅರ್ಗೀರೊ ಓಡಿಬಂದು ಎತ್ತಿ ಕೂರಿಸುವಷ್ಟರಲ್ಲಿ ಮುಗಿದಿತ್ತು. ನಲವತ್ತನೇ ದಿನದ ಪ್ರಾರ್ಥನೆಗೆ, ಸತ್ತವರ ಹೆಸರಿನಲ್ಲಿ ಹಂಚುವ ಕೋಲಿವಾ ಮಾಡಿದ್ದೂ ಅವಳೇ. ಗೋಧಿಯನ್ನು ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ದಾಳಿಂಬೆ ಕಾಳು, ಬಾದಾಮಿ ಬೆರೆಸಿ, ಮೇಲೆ ಸಕ್ಕರೆ ಪುಡಿಯನ್ನು ಒತ್ತಿ ನಯ ಮಾಡಿ, ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳಲ್ಲಿ ಅವನ ಹೆಸರು ಕೂರಿಸುವಾಗ ಅವಳ ಕಣ್ಣು ಎರಡು ಸಲ ಮಂಜಾಗಿ, ಎರಡು ಸಲವೂ ಅಕ್ಷರ ಅಳಿಸಿ ಮತ್ತೆ ಬರೆದಳು.

ಸಾವಾದ ಮನೆಯಲ್ಲಿ ಒಂದು ವರ್ಷ ಹೆಸರಿನ ಹಬ್ಬ ಇರುವುದಿಲ್ಲ. ಯಾರೂ ಹೋಗುವುದಿಲ್ಲ, ಯಾರೂ ಶುಭಾಶಯ ಹೇಳುವುದಿಲ್ಲ. ಇದು ಊರಿನ ಸಣ್ಣ ಮಗುವಿಗೂ ಗೊತ್ತು, ಪ್ರೋಗ್ರಾಮಿಗೆ ಗೊತ್ತಿಲ್ಲ. ಅರ್ಗೀರೊಗೆ ಇದು ಹೊಳೆಯದೆ ಇರಲಿಲ್ಲ. ಕೋಲಿವಾ ಕೊಟ್ಟು ಬಂದ ಮಧ್ಯಾಹ್ನವೇ ಕಂಪ್ಯೂಟರಿನ ಮುಂದೆ ಕೂತು ಎಫ್ತಿಮಿಸ್‌ನ ಹೆಸರು ಹುಡುಕಿ, ತೆಗೆಯುವ ಬಟನ್ ಒತ್ತಿದಳು. ಪರದೆಯ ಮೇಲೆ ಪ್ರಶ್ನೆ ಬಂತು: "ಈ ವ್ಯಕ್ತಿಯನ್ನು ಶಾಶ್ವತವಾಗಿ ಅಳಿಸಬೇಕೆ?"

ಅರ್ಗೀರೊ ಶಿಲುಬೆಯ ಗುರುತು ಮಾಡಿಕೊಂಡಳು. ಬೆರಳು ಕೀಲಿಯ ಮೇಲೇ ಇತ್ತು. ಹೌದು ಎಂದು ಒತ್ತಲು ಆಗಲೇ ಇಲ್ಲ. ಇನ್ನೂ ಗೋರಿಯ ಮಣ್ಣು ಒಣಗದ ಮನುಷ್ಯನನ್ನು ತಾನೇ ಕೈಯಾರೆ ಅಳಿಸಬೇಕೇ? ಇಲ್ಲ ಎಂದು ಒತ್ತಿ, ಕಂಪ್ಯೂಟರ್ ಮುಚ್ಚಿ, ಎದ್ದು ಹೋಗಿ ಪಾಕ ಕುದಿಸಲಿಟ್ಟಳು. ಗಂಡನದು ತೆಗೆಯದೆ ಹೆಂಡತಿಯದು ಮಾತ್ರ ತೆಗೆಯಲೂ ಮನಸ್ಸು ಬರಲಿಲ್ಲ. ಡಿಸೆಂಬರ್‌ಗೆ ಇನ್ನೂ ದಿನವಿದೆ, ನೋಡೋಣ ಎಂದುಕೊಂಡಳು.

ಡಿಸೆಂಬರ್ ಬಂದೇ ಬಿಟ್ಟಿತು. ನಾಲ್ಕಕ್ಕೆ ವರ್ವಾರಾ, ಐದಕ್ಕೆ ಸಾವ್ವಾಸ್, ಆರಕ್ಕೆ ನಿಕೊಲಾಸ್, ಒಂದರ ಹಿಂದೆ ಒಂದು. ಮಿಠಾಯಿ ಅಂಗಡಿಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ವಾರ ಅದು. ಮೂರನೇ ತಾರೀಕು ಸಂಜೆ ಆರೂಕಾಲಿಗೆ ಅರ್ಗೀರೊ ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿದ್ದಳು. ಅಪೊಸ್ತೊಲಿಸ್ ಕಂಪ್ಯೂಟರ್ ನೋಡಿ ಖುಷಿಯಿಂದ ಕೂಗಿದ.

"ಎಲ್ಲಾ ಹೋಯ್ತು ಕಣೇ! ಹದಿನೇಳು ವರ್ವಾರಾಗಳಿಗೂ ತಲುಪಿದೆ!"

"ಎಷ್ಟು?"

"ಹದಿನೇಳು."

ಅರ್ಗೀರೊಳ ಕೈ ನಿಂತಿತು. ಅವಳು ಮನಸ್ಸಿನಲ್ಲೇ ಎಣಿಸಿದಳು. ಬೇಕರಿಯ ವರ್ವಾರಾ, ಡಾಕ್ಟರ ವರ್ವಾರಾ, ಸ್ಟೇಷನ್ ಹತ್ತಿರದ ಅಕ್ಕತಂಗಿಯರ ಸೊಸೆ. ಹೋಗಬೇಕಾದದ್ದು ಹದಿನಾರೇ.

"ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ" ಎಂದವಳು ಹಿಟ್ಟಿನ ಕೈಯಲ್ಲೇ ಬಂದು ಪರದೆ ನೋಡಿದಳು. ಅಲ್ಲಿ ಅಚ್ಚುಕಟ್ಟಾಗಿ ಇತ್ತು: "ಪ್ರೀತಿಯ ವರ್ವಾರಾ, ನಿಮ್ಮ ಹಬ್ಬಕ್ಕೆ ಶುಭಾಶಯ, ನೂರು ಕಾಲ ಬಾಳಿ! ನಾಳೆ ನಿಮ್ಮ ಮನೆ ನಗುವಿನಿಂದ ತುಂಬಲಿ. ಟ್ರೇಗಳ ಮೇಲೆ ಹದಿನೈದು ಪರ್ಸೆಂಟ್ ರಿಯಾಯಿತಿ. ಅರ್ಗೀರೊ." ತಲುಪಿದೆ ಎಂದು ಪಕ್ಕದಲ್ಲಿ ಹಸಿರು ಗುರುತು.

ಫೋನು ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

"ನಾಳೆಯಿಂದ ಸಾವಿನ ಮನೆಯವ್ರು ನಮ್ಮ ಹತ್ರ ಕೋಲಿವಾ ಮಾಡಿಸ್ತಾರಾ?" ಎಂದ ಅಪೊಸ್ತೊಲಿಸ್, ತಲೆಯ ಮೇಲೆ ಕೈ ಹೊತ್ತು.

"ಕೋಲಿವಾ ಮನೆ ಹಾಳಾಗ್ಲಿ" ಎಂದಳು ಅರ್ಗೀರೊ. "ವರ್ವಾರಾ ನನ್ನ ಜೊತೆ ಮಾತಾಡ್ತಾಳಾ, ಅದು ಹೇಳು." ಹಾಗೆಂದು ಅಳತೊಡಗಿದಳು. ಅಂಗಡಿ ಹೋದರೆ ಇನ್ನೊಂದು ಮಾಡಬಹುದು, ಒಂದೇ ಬೆಂಚಿನ ಗೆಳತಿ ಮತ್ತೆ ಸಿಗುವುದಿಲ್ಲ ಎಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಆವಾಗಲೇ.

ಬೆಳಿಗ್ಗೆ ಎದ್ದವಳೇ ಸ್ತೆರ್ಗ್ಯೋಸನಿಗೆ ಫೋನು ಮಾಡಿದಳು. "ಇಬ್ಬರ ಹೆಸರು ತೆಗೀಬೇಕು. ಗಂಡನ್ದು, ಹೆಂಡತೀದು."

"ಅದು ಒಂದೇ ಬಟನ್ ಮೇಡಂ, ನೀವೇ..."

"ನನ್ನ ಕೈಲಿ ಆಗಲ್ಲ ಅಂತ ತಾನೆ ಹೇಳ್ತಿರೋದು. ನೀನೇ ಒತ್ತು. ಒತ್ತೋಕೆ ಮುಂಚೆ ಟೋಪಿ ಇದ್ರೆ ತೆಗೆದಿಡು."

ಸ್ತೆರ್ಗ್ಯೋಸ್ ಒತ್ತಿದ. ಪಾಪ, ಟೋಪಿ ಇರಲಿಲ್ಲವಂತೆ, ಎದ್ದು ನಿಂತು ಒತ್ತಿದನಂತೆ. ಅವನ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಬಂದದ್ದು ಇದು ಕೇಳಿದ ಮೇಲೆಯೇ.

ಅಂಗಡಿಯನ್ನು ಗಂಡನ ಕೈಗೆ ಬಿಟ್ಟು ಅರ್ಗೀರೊ ಸೈಕಲ್ ಹತ್ತಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೆಲ್ಲು ಬಾರಿಸಿಕೊಂಡೇ ಹೋಗಬೇಕಾಯಿತು. ಸೈಕಲ್ಲಿನ ಬುಟ್ಟಿ ಖಾಲಿ ಇತ್ತು. ಸೂತಕದ ಮನೆಗೆ ಸಿಹಿ ಒಯ್ಯುವಂತಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಡಿಸೆಂಬರ್ ನಾಲ್ಕರಂದು ಆ ಮನೆಗೆ ಬರಿಗೈಯಲ್ಲಿ ಹೋಗುತ್ತಿರುವುದು ಅದೇ ಮೊದಲು. ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಬಾಗಿಲು ಬಡಿಯುವ ಮೊದಲು ಒಮ್ಮೆ ಕೋಟಿನ ಜೇಬಿಗೆ ಹಾಕಿದಳು, ತೆಗೆದಳು.

ವರ್ವಾರಾ ಬಾಗಿಲು ತೆರೆದಳು. ಕಪ್ಪು ಸ್ವೆಟರು, ಕಪ್ಪು ಲಂಗ, ಎರಡು ತಿಂಗಳಲ್ಲಿ ಅರ್ಧ ಇಳಿದುಹೋದ ಮೈ. ಅರ್ಗೀರೊಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹದಿನೈದು ಪರ್ಸೆಂಟೇ?" ಎಂದಳು. "ನಾನು ನಿಂಗೆ ಹದಿನೈದು ಪರ್ಸೆಂಟಿನ ಗೆಳತಿಯೇನೆ?"

"ವರ್ವಾರಾ, ನಾನಲ್ಲ ಕಣೇ, ಆ ಹಾಳು ಮಿಷನ್ನು..."

"ಮಿಷನ್ನು ಕೆಳಗೆ ಅರ್ಗೀರೊ ಅಂತ ಹೆಸರು ಬರ್ಕೊಂಡಿದೆ. 'ನಿಮ್ಮ ಮನೆ ನಗುವಿನಿಂದ ತುಂಬಲಿ' ಅಂತೆ! ನೋಡು ಬಾ, ಎಷ್ಟು ತುಂಬಿದೆ ಅಂತ. ಫೋನು ಸೋಫಾ ಮೇಲೆ ಎಸೆದೆ, ಗೊತ್ತಾ? ನೀನು ಫೋನ್ ಮಾಡ್ದಾಗ ಅದು ಅಲ್ಲೇ ಬಿದ್ದು ಕಿರುಚ್ತಾ ಇತ್ತು. ಕಿರುಚ್ಕೋ ಅಂತ ಬಿಟ್ಟೆ."

ಅರ್ಗೀರೊ ಎಲ್ಲ ಹೇಳಿದಳು. ಶಾಶ್ವತವಾಗಿ ಅಳಿಸಬೇಕೆ ಎಂದು ಯಂತ್ರ ಕೇಳಿದ್ದು, ತನಗೆ ಕೈ ಬಾರದೆ ಹೋದದ್ದು, ಮರೆತದ್ದಲ್ಲ, ಮರೆತದ್ದು ಮಾತ್ರ ಖಂಡಿತ ಅಲ್ಲ ಎನ್ನುವುದು. ಹೇಳುತ್ತ ಹೇಳುತ್ತ ಬಾಗಿಲಲ್ಲೇ ಬಿಕ್ಕಿದಳು. ವರ್ವಾರಾ ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡಳು.

"ಒಳಗೆ ಬಾ, ಮಂಜು ನುಗ್ತಿದೆ. ಅಳೋದಾದ್ರೆ ಕೂತ್ಕೊಂಡು ಅಳು."

ಸಕ್ಕರೆ ಹಾಕದ ಕಾಫಿ ಮಾಡಿದಳು. ಸೂತಕದ ಮನೆಯಲ್ಲಿ ಹಾಗೇ. ಅಡುಗೆಮನೆಯ ಮೇಜಿನ ಎರಡು ಬದಿಗೆ ಇಬ್ಬರೂ ಕೂತರು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

"ಹೋದ ವರ್ಷ ಈ ಹೊತ್ತಿಗೆ ಎಷ್ಟು ಫೋನ್ ಬಂದಿದ್ವು ಗೊತ್ತಾ?" ಎಂದಳು ವರ್ವಾರಾ. "ಏಳು ಗಂಟೆಗೇ ಶುರು. ಎಫ್ತಿಮಿಸ್ ಬೈಯೋನು, ನಿನ್ನ ಸಂತ ನಂಗೆ ಶೇವಿಂಗೂ ಮಾಡೋಕೆ ಬಿಡಲ್ಲ ಅಂತ. ಈ ಸಲ ಒಂದೂ ಇಲ್ಲ. ನನ್ನ ಸ್ವಂತ ತಂಗಿ ಕೂಡ ಮಾಡಿಲ್ಲ. ಅವರದ್ದೇ ಸರಿ, ಮಾಡಬಾರದು. ನಾನಾದ್ರೂ ಮಾಡ್ತಿರಲಿಲ್ಲ. ಆದ್ರೂ ಬೆಳಿಗ್ಗೆ ಎರಡು ಸಲ ಫೋನ್ ಎತ್ತಿ ನೋಡಿದೆ, ಕೆಟ್ಟಿದೆಯೇನೋ ಅಂತ."

ಅರ್ಗೀರೊ ಕಹಿ ಕಾಫಿ ಒಂದು ಗುಟುಕು ಕುಡಿದಳು.

"ಎರಡು ತಿಂಗಳಾಯ್ತು. ಅಂಗಡೀಲಿ, ಚರ್ಚಲ್ಲಿ, ಎಲ್ಲಾ ಕಡೆ ನಾನು ಎಫ್ತಿಮಿಸ್‌ನ ಹೆಂಡತಿ, ಪಾಪ. ಮೆಲ್ಲಗೆ ಮಾತಾಡ್ತಾರೆ, ಪಕ್ಕಕ್ಕೆ ಸರಿದು ದಾರಿ ಬಿಡ್ತಾರೆ. ಹೆಸರು ಹಿಡಿದು ಯಾರೂ ಕರೆದಿಲ್ಲ ಕಣೆ. ನಿನ್ನೆ ಸಂಜೆ ನಿನ್ನ ಆ ದರಿದ್ರ ಮೆಸೇಜು ಬಂತು. ಮೊದಲು ಬೈಯೋಕೆ ಅಂತ ಓದಿದೆ. ಆಮೇಲೆ ಸೋಫಾ ಮೇಲಿಂದ ತೆಗೆದು ಸುಮ್ನೆ ಓದಿದೆ. ಪ್ರೀತಿಯ ವರ್ವಾರಾ, ಅಂತ. ಮಲಗೋಕೆ ಮುಂಚೆ ಇನ್ನೊಂದ್ಸಲ ಓದಿದೆ." ಅವಳು ಕಾಫಿ ಲೋಟವನ್ನು ಸುತ್ತ ತಿರುಗಿಸಿದಳು. "ಯಾರ ಹತ್ರಾನೂ ಹೇಳ್ಬೇಡ. ಹುಚ್ಚು ಹಿಡಿದಿದೆ ಅಂತಾರೆ."

"ಹೇಳಲ್ಲ."

"ಪಟ್ಟಿಯಿಂದ ನನ್ನ ತೆಗೆದಿಲ್ಲ ತಾನೆ?"

ಅರ್ಗೀರೊ ಲೋಟ ಕೆಳಗಿಟ್ಟಳು. "ಇವತ್ತು ಬೆಳಿಗ್ಗೇನೇ ತೆಗೆಸಿಬಿಟ್ಟೆ. ಎಂಟು ಗಂಟೆಗೇ. ಇಬ್ಬರದ್ದೂ."

"ಮತ್ತೆ ಸೇರಿಸು."

"ಸೇರಿಸ್ತೀನಿ. ಈಗಲೇ ಫೋನ್ ಮಾಡ್ತೀನಿ." ಅರ್ಗೀರೊ ಫೋನು ಹೊರತೆಗೆದಳು, ಸ್ತೆರ್ಗ್ಯೋಸನ ನಂಬರು ಹುಡುಕಿದಳು, ಅಷ್ಟರಲ್ಲಿ ಕೈ ತಡೆಯಿತು. ಕೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ ಕೇಳಿಯೇಬಿಟ್ಟಳು. "ಅವನ್ದು? ಜನವರಿ ಇಪ್ಪತ್ತಕ್ಕೆ ಅವನ ಹಬ್ಬ. ಅವನ ಫೋನು ಇನ್ನೂ..."

ವರ್ವಾರಾ ಕಿಟಕಿಯ ಕಡೆ ನೋಡಿದಳು. ಅಲ್ಲಿ ಮಂಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಬೇಡ. ಅವನ ಫೋನಿಗೆ ಏನೂ ಕಳಿಸ್ಬೇಡ, ಅಲ್ಲಿ ಓದೋರು ಯಾರೂ ಇಲ್ಲ" ಎಂದಳು. "ಆ ದಿನ ಯಾರೂ ಬರಲ್ಲ. ನೀನು ಬಾ. ಬಂದು ಎಫ್ತಿಮಿಸ್ ಅಂತ ಬಾಯ್ತುಂಬ ಹೇಳು, ಬೈಯೋದಾದ್ರೂ ಬೈಯಿ. ಈ ಮನೇಲಿ ನಾನೊಬ್ಬಳೇ ಎಷ್ಟು ಸಲ ಅಂತ ಹೇಳಲಿ ಅವನ ಹೆಸರು?"

ಅರ್ಗೀರೊ ಮೇಜಿನ ಆಚೆಯಿಂದ ಅವಳ ಕೈ ಹಿಡಿದುಕೊಂಡಳು.

ಜನವರಿ ಹತ್ತೊಂಬತ್ತರ ಸಂಜೆ ಆರಕ್ಕೆ ಊರಿನ ಹನ್ನೊಂದು ಎಫ್ತಿಮಿಸ್‌ಗಳಿಗೆ ಮೆಸೇಜು ಹೋಯಿತು. ಮರುದಿನ ಬೆಳಿಗ್ಗೆ ಹನ್ನೆರಡನೆಯವನ ಮನೆಗೆ ಅರ್ಗೀರೊ ತಾನೇ ಹೋದಳು, ಬಾಗಿಲು ಬಡಿಯುವ ಮೊದಲೇ ರಸ್ತೆಯಿಂದ ಗಟ್ಟಿಯಾಗಿ ಅವನ ಹೆಸರು ಹಿಡಿದು ಬೈಯುತ್ತ.